ಸುಣ್ಣದ ಮಾತು



ಯುಗಾದಿ ಹತ್ತಿರ ಬಂತು. ಈಗ ಬಣ್ಣದ ಡಬ್ಬ ಬಂದಿದ್ದರೂ ನಮ್ಮೂರಲ್ಲಿ ಇನ್ನೂ ಸುಣ್ಣ ಹೊಡೆಯುವ ಮನೆಗಳಿವೆ. ಅದಕ್ಕೇ ಈ ದಿನ ಸುಣ್ಣದ ಮಾತು ಆಡೋಣ.

ಸುಣ್ಣ ಎಲ್ಲಿಂದ ಬರುತ್ತೆ? ಕಲ್ಲಿನಿಂದ. ಬಾಗಲಕೋಟೆ, ಕಲಬುರಗಿ ಕಡೆ ಸುಣ್ಣದ ಕಲ್ಲು ಬೇಕಾದಷ್ಟಿದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ. ಕಲ್ಲಾಗಲಿ, ಚಿಪ್ಪಾಗಲಿ, ಒಳಗಿರೋದು ಒಂದೇ. ಅದರಲ್ಲಿ ಕ್ಯಾಲ್ಸಿಯಂ ಅನ್ನೋ ಲೋಹ ಇದೆ. ನಮ್ಮ ಮೂಳೆಯಲ್ಲೂ ಅದೇ ಕ್ಯಾಲ್ಸಿಯಂ.

ಕಲ್ಲನ್ನು ಗೂಡಿನಲ್ಲಿ ಸುಡುತ್ತಾರೆ. ಶಾಖ ಸುಮಾರು 900 ಡಿಗ್ರಿ. ಕುದಿಯುವ ನೀರು 100 ಡಿಗ್ರಿ, ನೀವೇ ಲೆಕ್ಕ ಹಾಕಿ. ಆಗ ಕಲ್ಲಿನಿಂದ ಒಂದು ಗಾಳಿ ಹೊರಗೆ ಹೋಗುತ್ತೆ. ಅದರ ಹೆಸರು ಇಂಗಾಲದ ಡೈ ಆಕ್ಸೈಡ್. ಉಳಿದದ್ದು ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತೆ. ಒಲೆ ಇಲ್ಲ, ಬೆಂಕಿ ಇಲ್ಲ! ಆ ಹೊತ್ತಿನಲ್ಲಿ ಮಕ್ಕಳನ್ನು ದೂರ ಇಡಿ. ಗೋಡೆಗೆ ಬಳಿದ ಮೇಲೆ ಸುಣ್ಣ ಅದೇ ಗಾಳಿಯನ್ನು ವಾಪಸ್ ತಗೊಳ್ಳುತ್ತೆ. ಮೆಲ್ಲಗೆ ಮತ್ತೆ ಕಲ್ಲಾಗುತ್ತೆ. ನನಗೆ ಇದು ಈಗಲೂ ಸೋಜಿಗ.

ಸುಣ್ಣ ಬರೀ ಗೋಡೆಗಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಹಾಕ್ತಾರೆ. ಹುಳಿ ಮುರಿಯುತ್ತೆ, ಕೊಳೆ ಮೇಲೆ ಬರುತ್ತೆ. ಸಕ್ಕರೆ ಕಾರ್ಖಾನೆಯಲ್ಲೂ ಹೀಗೇ. ಮಲೆನಾಡಿನಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತದ ಜೊತೆ ಸುಣ್ಣ ಸೇರಿಸಿ ಹೊಡೀತಾರೆ. ವಾಡಿ, ಸೇಡಂ ಕಡೆ ಸಿಮೆಂಟು ಮಾಡೋದೂ ಸುಣ್ಣದ ಕಲ್ಲಿನಿಂದಲೇ.

ಈಗ ಮುಖ್ಯ ಮಾತಿಗೆ ಬರ್ತೀನಿ. ಸುಣ್ಣ ಒಂದು ಕ್ಷಾರ. ಕ್ಷಾರ ಅಂದರೆ ಹುಳಿಗೆ ವಿರುದ್ಧ ಗುಣದ್ದು. ಬಟ್ಟೆ ಸೋಡವೂ ಕ್ಷಾರವೇ. ಕ್ಷಾರ ಜಿಡ್ಡನ್ನು ಬಿಡಿಸುತ್ತೆ, ಚರ್ಮವನ್ನೂ ತಿನ್ನುತ್ತೆ. ಸುಣ್ಣ ಹೊಡೆದ ದಿನ ಕೈ ಉರಿಯೋದು ಇದಕ್ಕೇ. ಕೈಯಾದರೆ ವಾಸಿಯಾಗುತ್ತೆ. ಕಣ್ಣು?

ನಮ್ಮ ಶಾಲೆಯಲ್ಲಿ ಎರಡನೇ ತರಗತಿಯ ಒಬ್ಬ ಹುಡುಗ ಇದ್ದ. ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಪ್ಲಾಸ್ಟಿಕ್ ಟ್ಯೂಬು ಸಿಕ್ಕಿತು. ಆಡ್ತಾ ಆಡ್ತಾ ಹಿಸುಕಿದ. ಸುಣ್ಣ ಚಿಮ್ಮಿ ಕಣ್ಣಿಗೆ ಬಿತ್ತು. ಗಾಬರಿಯಲ್ಲಿ ಮನೆಯವರು ಬಟ್ಟೆಯಿಂದ ಒರೆಸಿದರು, ಎಣ್ಣೆ ಬಿಟ್ಟರು. ನೀರು ಹಾಕಲಿಲ್ಲ. ಆಸ್ಪತ್ರೆ ಸೇರುವಾಗ ಸಂಜೆಯಾಗಿತ್ತು. ಆ ಕಣ್ಣಿನ ಕರಿಗುಡ್ಡೆ ಬೆಳ್ಳಗಾಗಿ ಹೋಯಿತು. ಅಜ್ಜಿ ಎಲೆ ಹಾಕೋದನ್ನೇ ಬಿಟ್ಟರು. ಅವರಿಗೆ ಯಾರೂ ಹೇಳಿರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ.

ಕಣ್ಣಿಗೆ ಸುಣ್ಣ ಬಿದ್ದರೆ ಮೊದಲು ನೀರು. ಒಂದು ನಿಮಿಷವೂ ತಡ ಬೇಡ. ಮಗುವನ್ನು ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು, ಕುಡಿಯುವ ನೀರನ್ನು ಧಾರೆಯಾಗಿ ಹುಯ್ಯಿರಿ. ಅರ್ಧ ಗಂಟೆ ಬಿಡದೆ ಹುಯ್ಯಬೇಕು. ಮಗು ಅಳುತ್ತೆ, ಕೊಸರಾಡುತ್ತೆ. ಇಬ್ಬರು ಸೇರಿ ಹಿಡಿದುಕೊಳ್ಳಿ. ಕಣ್ಣು ಉಜ್ಜಬಾರದು.

ಹೋದ ವರ್ಷ ಒಬ್ಬ ಅಕ್ಕ ಕೇಳಿದರು, "ಹುಳಿ ವಿರುದ್ಧ ಅಂದ್ರಲ್ಲ ಟೀಚರ್, ನಿಂಬೆರಸ ಬಿಡಬಹುದಾ?" ಒಳ್ಳೆ ಪ್ರಶ್ನೆ. ಆದರೆ ಕೂಡದು. ಹುಳಿಯೂ ಕಣ್ಣನ್ನು ಸುಡುತ್ತೆ. ಹಾಲು, ಎಣ್ಣೆ, ತುಪ್ಪ ಯಾವುದೂ ಬೇಡ. ನೀರೇ ಸಾಕು.

ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು. ರೆಪ್ಪೆಯ ಒಳಗೆ ಸುಣ್ಣದ ಚೂರು ಉಳಿದಿರುತ್ತೆ, ಅದನ್ನು ಅವರೇ ತೆಗೀಬೇಕು. ಹೋಗುವಾಗ ಒಂದು ಬಾಟಲಿ ನೀರು ಇಟ್ಟುಕೊಳ್ಳಿ, ದಾರಿಯಲ್ಲೂ ಹಾಕ್ತಾ ಇರಿ. ಆ ಟ್ಯೂಬನ್ನೂ ತಗೊಂಡು ಹೋಗಿ ತೋರಿಸಿ.