ಬದುವಿನ ಹುಣಸೆ

ಸಿಂಗಟಾಲೂರಿನ ವೀರಭದ್ರೇಶ್ವರನ ದರ್ಶನಕ್ಕೆ ತುಂಗಭದ್ರೆಯ ದಂಡೆಗೆ ಹೋಗಿಬರುವವರು ದಾರಿಯಲ್ಲಿ ಕಂಡೂ ಕಾಣದಂತೆ ದಾಟಿಹೋಗುವ ಮರ ಹುಣಸೆ. ಇವತ್ತು ಅದರ ಚರಿತ್ರೆ ಹೇಳುತ್ತೇನೆ.

ಹುಳಿಯಿಲ್ಲದ ಸಾರು ನಮಗೆ ಸೇರುವುದಿಲ್ಲ. ಹಾಗಾಗಿ ಮರವೂ ಇಲ್ಲಿಯದೇ ಎಂದುಕೊಂಡಿದ್ದೇವೆ. ಅದರ ತವರು ಆಫ್ರಿಕದ ಒಣ ಹುಲ್ಲುಗಾಡು ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಆದರೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಉತ್ತರ ಪ್ರದೇಶದ ನರ್ಹನ್‌ನಲ್ಲಿ ನೆಲ ಅಗೆದಾಗ ಕ್ರಿ.ಪೂ. 1300ರ ಸುಮಾರಿನ ಹುಣಸೆ ಕಟ್ಟಿಗೆಯ ಇದ್ದಿಲು ಸಿಕ್ಕಿದೆ. ಮುಂದೆ ಅರಬ್ ವರ್ತಕರು ಹಣ್ಣನ್ನು ಭಾರತದಿಂದಲೇ ಕೊಂಡೊಯ್ದು ಪಶ್ಚಿಮಕ್ಕೆ ಮಾರಿದರು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದಕ್ಕೆ ಟ್ಯಾಮರಿಂಡಸ್ ಇಂಡಿಕಾ ಎಂದು ಹೆಸರಿಟ್ಟ. ತೊಗರಿ, ಕಡಲೆಗಳ ದೊಡ್ಡ ಬಳಗಕ್ಕೆ ಸೇರಿದ್ದರೂ ಟ್ಯಾಮರಿಂಡಸ್ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ.

ಬೇಸಿಗೆ ಮುಗಿಯುವ ಹೊತ್ತಿಗೆ ಒಮ್ಮೆ ಮರದಡಿ ನಿಂತು ಹೂವನ್ನು ನೋಡಬೇಕು. ಉಗುರಿನಷ್ಟು ಹಳದಿ ಎಸಳು, ಅದರ ಮೇಲೆ ಸೂಜಿಯಿಂದ ಎಳೆದಂಥ ಕೆಂಪು ಗೆರೆ. ಅದು ಕಾಯಾಗಿ ಹಣ್ಣಾಗುವುದಕ್ಕೆ ಮುಂದಿನ ಜನವರಿ, ಫೆಬ್ರುವರಿ ಬರಬೇಕು. ಮಾವು ಹಣ್ಣಾದಂತೆ ಹುಳಿ ಕಳೆದುಕೊಳ್ಳುತ್ತದೆ. ಹುಣಸೆ ಸಿಹಿಯನ್ನು ತುಂಬಿಕೊಂಡರೂ ಹುಳಿ ಬಿಡುವುದಿಲ್ಲ. ಅದರೊಳಗಿನ ಟಾರ್ಟಾರಿಕ್ ಆಮ್ಲ ಹಣ್ಣಾದ ಮೇಲೂ ಹಾಗೇ ಉಳಿಯುತ್ತದೆ. ಹಿತ್ತಾಳೆ ಕೊಡ ಫಳಫಳ ಹೊಳೆಯುವುದೂ ಅದರಿಂದಲೇ.

ನಮ್ಮ ಕಡೆ ಈ ಮರದ ಯಾವುದನ್ನೂ ಬಿಟ್ಟಿಲ್ಲ. ಎಳೆಗಾಯಿಗೆ ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿದರೆ ರೊಟ್ಟಿಗೆ ಚಟ್ನಿ. ಹಣ್ಣಿಗೆ ಬೆಲ್ಲ, ಜೀರಿಗೆ ಸೇರಿಸಿ ಕುಟ್ಟಿ ಕಡ್ಡಿಗೆ ಮೆತ್ತಿದರೆ ಮಕ್ಕಳಿಗೆ ಚಿಗಳಿ. ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೆ ದಾಳ. ಇನ್ನು ಕಂಬಳಿ ನೇಯುವವರ ಕೆಲಸ ನೋಡಿ: ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು, ಗಂಜಿ ಕಾಯಿಸಿ ಉಣ್ಣೆಯ ಹಾಸುನೂಲಿಗೆ ಸವರುತ್ತಾರೆ. ಆಗ ನೂಲು ಬಿಗಿಯಾಗುತ್ತದೆ, ಮಗ್ಗದಲ್ಲಿ ಹರಿಯುವುದಿಲ್ಲ. ಕುರಿಯ ಉಣ್ಣೆಗೆ ಆಫ್ರಿಕದ ಮರದ ಬೀಜ ಹೊಂದಿಸಿದ ಆ ಮೊದಲ ನೇಕಾರನ ಜಾಣ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ಸವಣೂರಿನ ದೊಡ್ಡಹುಣಸೆ ಮಠದ ಮೂರು ಮಹಾವೃಕ್ಷಗಳ ತವರೂ ಆಫ್ರಿಕವೇ. ಹೆಸರಲ್ಲಿ ಹುಣಸೆಯಿದ್ದರೂ ಅವು ಬಾವೋಬಾಬ್, ಬೇರೆಯೇ ಜಾತಿ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿಬಿತ್ತು, ಅದನ್ನು ಎತ್ತಿ ಮತ್ತೆ ನೆಟ್ಟರು. ಬಹಳ ಒಳ್ಳೆಯ ಕೆಲಸ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹಳೆಯ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅದೂ ಸಂತೋಷವೇ. ಬದುವಿನ ಸಾಧಾರಣ ಹುಣಸೆಯನ್ನು ಕೇಳುವವರು ಮಾತ್ರ ಇಲ್ಲ. ಅದರ ಕಟ್ಟಿಗೆಯ ಕಾವು ಜೋರು, ಹಾಗಾಗಿ ಇಟ್ಟಿಗೆ ಭಟ್ಟಿಯವರ ಕಣ್ಣು ಅದರ ಮೇಲೆ. ನೆರಳಿನಡಿ ಪೈರು ಬಾರದು, ಹಾಗಾಗಿ ರೈತನಿಗೂ ಬೇಸರ. ಸಿಂಗಟಾಲೂರು ಏತ ನೀರಾವರಿಯ ನೀರು ಹೊಲಕ್ಕೆ ಬಂದಂತೆ ಒಂದೊಂದು ಸಾಲಿನ ಬೆಲೆಯೂ ಏರುತ್ತದೆ. ಆಗ ಬದುವಿನ ಮರಕ್ಕೆ ಕೊಡಲಿ ಬೀಳುತ್ತದೆಂಬ ಆತಂಕ ನನಗಿದೆ.

ರೈತ ಬಾಂಧವರಲ್ಲಿ ಒಂದು ವಿನಂತಿ. ಪೈರಿಗೆ ಅಡ್ಡಿಯಾಗದ ಮೂಲೆಯಲ್ಲಿ, ಹಳ್ಳದ ದಂಡೆಯಲ್ಲಿ, ಗುಡಿಯ ಹಿಂದೆ ಒಂದು ಹುಣಸೆ ಹಚ್ಚಿ. ಬೀಜದ ಗಿಡ ಕಾಯಿ ಬಿಡಲು ಏಳೆಂಟು ವರ್ಷವಾದರೂ ಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೇ ಫಲ ಕೊಡುತ್ತದೆ. ಮುಂಗಾರು ಹಿಡಿದಾಗ ನೆಟ್ಟು, ಮೊದಲೆರಡು ಬೇಸಿಗೆ ನೀರು ಕೊಟ್ಟು, ಆಡು ಮೇಯದಂತೆ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿ.