ಹೆಸರು ಗೊತ್ತಿರುವ ಕವಿ, ಓದದೆ ಉಳಿದ ಕವಿತೆ: ಪಾಕ್ ಸೆ-ಯೋಂಗ್ ಕುರಿತ ವಿಚಾರ ಸಂಕಿರಣದ ಆಶಯ ಭಾಷಣ

ಕೊರಿಯಾ ಪರ್ಯಾಯ ದ್ವೀಪದ ಎರಡು ರಾಷ್ಟ್ರಗಳಿಗೆ ಎರಡು ರಾಷ್ಟ್ರಗೀತೆಗಳಿದ್ದು, ದೇಶಪ್ರೇಮದ ಹಾಡು ಎಂಬ ಅರ್ಥದ 'ಏಗುಕ್ಕಾ' ಎನ್ನುವ ಒಂದೇ ಹೆಸರು ಎರಡಕ್ಕೂ ಬಹುಕಾಲ ಇತ್ತು. ದಕ್ಷಿಣದ ಗೀತೆಯ ಸಾಹಿತ್ಯ ರಾಜಕಾರಣಿಯೂ ಶಿಕ್ಷಣ ತಜ್ಞರೂ ಆಗಿದ್ದ ಯುನ್ ಚಿ-ಹೊ ಅವರದೋ, ಸ್ವಾತಂತ್ರ್ಯ ಹೋರಾಟದ ನಾಯಕ ಆನ್ ಚಾಂಗ್-ಹೊ ಅವರದೋ ಎಂಬ ವಿವಾದವನ್ನು 1955ರಲ್ಲಿ ಅಲ್ಲಿನ ಸರ್ಕಾರಿ ಇತಿಹಾಸ ಸಮಿತಿಯೇ ಕೈಗೆತ್ತಿಕೊಂಡಿತು. ಸದಸ್ಯರಲ್ಲಿ ಹೆಚ್ಚಿನವರು ಯುನ್ ಅವರ ಕಡೆಗೆ ವಾಲಿದರೂ ಒಮ್ಮತ ಮೂಡದ ಕಾರಣ ಅಂತಿಮ ತೀರ್ಮಾನ ಹೊರಬೀಳಲಿಲ್ಲ. ಉತ್ತರದ ಗೀತೆಯ ವಿಷಯದಲ್ಲಿ ಅಂಥ ತಕರಾರಿಲ್ಲ. ಅದನ್ನು 1947ರಲ್ಲಿ ಬರೆದವರು ಕವಿ ಪಾಕ್ ಸೆ-ಯೋಂಗ್ ಎಂಬುದೂ, ಸಂಗೀತ ಸಂಯೋಜನೆ ಕಿಮ್ ವೊನ್-ಗ್ಯುನ್ ಅವರದೆಂಬುದೂ ಎಲ್ಲರೂ ಒಪ್ಪಿದ ಮಾತು. ಕರ್ತೃ ಯಾರೆಂದು ತಿಳಿಯದ ಗೀತೆಯ ಬಗ್ಗೆ ಸಂಶೋಧನೆ ರಾಶಿ ಬಿದ್ದಿರುವಾಗ, ಕರ್ತೃ ತಿಳಿದಿರುವ ಗೀತೆಯನ್ನು ಕವಿತೆಯಾಗಿ ಓದಿದವರು ವಿರಳ ಎಂಬ ವೈಪರೀತ್ಯವೇ ಈ ಸಂಕಿರಣದ ಆಶಯಕ್ಕೆ ಮೂಲ.

ಇಂಥದೊಂದು ವಿಷಯವನ್ನು ಆರಿಸಿಕೊಂಡ ಸಂಘಟಕರ ಧೈರ್ಯ ಮೆಚ್ಚತಕ್ಕದ್ದು. ವಸಾಹತು ಕಾಲದ ಶ್ರಮಿಕವರ್ಗ ಸಾಹಿತ್ಯವನ್ನು ದಶಕಗಳಿಂದ ಪಾಠ ಹೇಳಿದ ಹಿರಿಯರೂ, ಪೂರ್ವ ಏಷ್ಯಾದ ಜನಪ್ರಿಯ ಸಂಗೀತವನ್ನು ಬಲ್ಲ ಕಿರಿಯ ವಿದ್ವಾಂಸರೂ ಸಭೆಯಲ್ಲಿ ಉಪಸ್ಥಿತರಿದ್ದು, ಅವರ ಪ್ರಬಂಧಗಳೇ ಮಧ್ಯಾಹ್ನದ ಗೋಷ್ಠಿಗಳಲ್ಲಿ ಮಂಡನೆಯಾಗಲಿರುವುದರಿಂದ, ಪೂರ್ವ ಸಂಶೋಧನೆಯ ಸಮೀಕ್ಷೆಯನ್ನು ಅವರಿಗೇ ಬಿಡುವುದು ಉಚಿತ. ಆಶಯ ಭಾಷಣದ ಕೆಲಸ ಅಧ್ಯಯನ ಕ್ಷೇತ್ರ ಎಲ್ಲಿ ದಾರಿ ತಪ್ಪಿತು ಎಂಬುದನ್ನು ಗುರುತಿಸುವುದಷ್ಟೆ.

ಪಾಕ್ ಅವರು 1902ರಲ್ಲಿ ಸೋಲ್ ನಗರದ ಮಗ್ಗುಲಿನ ಗೋಯಾಂಗ್ ಪ್ರದೇಶದಲ್ಲಿ ಹುಟ್ಟಿ, ಮಿಷನರಿಗಳು ಸ್ಥಾಪಿಸಿದ ಪೈಚಾಯ್ ಶಾಲೆಯಲ್ಲಿ ಓದಿ, 1925ರಲ್ಲಿ ಆರಂಭವಾದ ಕಾಪ್ಫ್ ಎಂಬ ಶ್ರಮಿಕವರ್ಗ ಕಲಾವಿದರ ಒಕ್ಕೂಟದಲ್ಲಿ ಗುರುತಿಸಿಕೊಂಡವರು. ಜಪಾನಿ ಆಡಳಿತದ ಒತ್ತಡದಲ್ಲಿ ಆ ಒಕ್ಕೂಟ 1935ರಲ್ಲಿ ವಿಸರ್ಜನೆಗೊಂಡ ಮೇಲೆ, 1938ರಲ್ಲಿ ಅವರ 'ಸಾನ್‌ಜೆಬಿ', ಎಂದರೆ ಬೆಟ್ಟದ ಕವಲುತೋಕೆ ಹಕ್ಕಿ, ಎಂಬ ಸಂಕಲನ ಹೊರಬಂತು. ಶೀರ್ಷಿಕೆಯ ಕವಿತೆಯಲ್ಲಿ ಕವಿ ಶಿಖರದ ಮೇಲೆ ಹಾರುವ ಹಕ್ಕಿಯನ್ನು ಕಂಡು, ಕೆಳಗೆ ನಿಂತವರಿಗೆ ಇಲ್ಲದ ಸ್ವಾತಂತ್ರ್ಯ ಅದಕ್ಕಿದೆಯೆಂದು ಆಸೆಪಡುತ್ತಾರೆ. ವಿಮೋಚನೆಯ ಮರುವರ್ಷ, 1946ರಲ್ಲಿ, ಉತ್ತರಕ್ಕೆ ತೆರಳಿದ ಅವರು ಅಲ್ಲಿನ ಸಂಸತ್ತಾದ ಸರ್ವೋಚ್ಚ ಜನಸಭೆಯ ಸದಸ್ಯರೂ ಆಗಿ 1989ರಲ್ಲಿ ತೀರಿಕೊಂಡರು. ಹುಟ್ಟೂರು ಗಡಿಯ ಆಚೆ ಉಳಿಯಿತು. ಹೀಗೆ ಉತ್ತರಕ್ಕೆ ಹೋದ ಲೇಖಕರ ಕೃತಿಗಳ ಮೇಲಿನ ನಿಷೇಧವನ್ನು ದಕ್ಷಿಣ ಕೊರಿಯಾ ಬಹುಪಾಲು ಸಡಿಲಿಸಿದ್ದು 1988ರಲ್ಲಿ.

ಈ ಕಾಲಾನುಕ್ರಮವನ್ನು ಲಕ್ಷ್ಯದಲ್ಲಿಟ್ಟುಕೊಂಡರೆ ರಾಷ್ಟ್ರಗೀತೆಯ ಪಠ್ಯ ಬೇರೆಯಾಗಿಯೇ ಕಾಣುತ್ತದೆ. ಉತ್ತರ ಕೊರಿಯಾ ಎಂಬ ರಾಷ್ಟ್ರ ಘೋಷಣೆಯಾದದ್ದು 1948ರ ಸೆಪ್ಟೆಂಬರ್‌ನಲ್ಲಿ. ಗೀತೆ ಅದಕ್ಕಿಂತ ಒಂದು ವರ್ಷ ಹಿರಿಯದು. ಅದರಲ್ಲಿ ಬೆಳಗಿನ ಬೆಳಕು, ಬೆಳ್ಳಿ ಬಂಗಾರದ ನೆಲ, ಐದು ಸಾವಿರ ವರ್ಷದ ಇತಿಹಾಸ, ಪೇಕ್ತು ಪರ್ವತ ಇವೆಯೇ ಹೊರತು ನಾಯಕನ ಹೆಸರಾಗಲಿ ಪಕ್ಷದ ಹೆಸರಾಗಲಿ ಇಲ್ಲ. ಅದೇ ಸಂಯೋಜಕರು 1946ರಲ್ಲೇ ರಿ ಛಾನ್ ಎಂಬ ಇನ್ನೊಬ್ಬ ಕವಿಯ ಸಾಹಿತ್ಯಕ್ಕೆ ಧಾಟಿ ಕೂಡಿಸಿ ಕಿಮ್ ಇಲ್-ಸುಂಗ್ ಅವರ ಸ್ತುತಿಗೀತೆಯನ್ನು ಕೊಟ್ಟಿದ್ದರು ಎಂಬುದನ್ನು ನೆನೆದರೆ, ನಾಯಕನನ್ನು ಹೆಸರಿಸುವ ಮಾದರಿ ಆಗಲೇ ಸಿದ್ಧವಿತ್ತು ಮತ್ತು ರಾಷ್ಟ್ರಗೀತೆ ಆ ಹಾದಿ ಹಿಡಿಯಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸಾಹಿತ್ಯ ಚರಿತ್ರೆಕಾರರು ಗೀತೆಯನ್ನು ರಾಜ್ಯಶಾಸ್ತ್ರಕ್ಕೆ ಬಿಟ್ಟುಕೊಟ್ಟರು, ರಾಜ್ಯಶಾಸ್ತ್ರಜ್ಞರು ಕವಿಯನ್ನು ಸಾಹಿತ್ಯಕ್ಕೆ ಬಿಟ್ಟುಕೊಟ್ಟರು. ನಡುವೆ ಪಠ್ಯ ಅನಾಥವಾಯಿತು. ಕನ್ನಡದ ವಚನ, ಕೀರ್ತನೆಗಳಲ್ಲಿ ಅಂಕಿತ ಕೃತಿಯೊಳಗೇ ನೆಲೆಗೊಂಡು ಕರ್ತೃವನ್ನು ಕಾಪಾಡುತ್ತದೆ. ರಾಷ್ಟ್ರಗೀತೆಗೆ ಅಂಥ ರಕ್ಷೆಯಿಲ್ಲ.

ಪಾಕ್ ಅವರು 1957ರಲ್ಲಿ ಬರೆದ 'ರಿಮ್‌ಜಿನ್‌ಗಾಂಗ್' ಎಂಬ ಹಾಡು ಪಠ್ಯಕ್ಕೂ ಕರ್ತೃವಿಗೂ ಇರುವ ಸಂಬಂಧದ ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹಾಡಿನ ಹೆಸರಿನಲ್ಲಿರುವ ಇಮ್ಜಿನ್ ನದಿ ಉತ್ತರದಲ್ಲಿ ಹುಟ್ಟಿ ವಿಭಜನ ರೇಖೆಯನ್ನು ದಾಟಿ ದಕ್ಷಿಣಕ್ಕೆ ಹರಿದು, ಗೋಯಾಂಗ್‌ಗೆ ಹತ್ತಿರದಲ್ಲೇ ಹಾನ್ ನದಿಯನ್ನು ಸೇರುತ್ತದೆ. ಎಂದರೆ ನದಿ ಹರಿಯುವುದು ಕವಿಯ ಹುಟ್ಟೂರಿನ ದಿಕ್ಕಿಗೆ. ಮೊದಲ ನುಡಿಯಲ್ಲಿ ನದಿಗೂ ನೀರುಹಕ್ಕಿಗೂ ಇರುವ ಸ್ವಾತಂತ್ರ್ಯ ತನಗಿಲ್ಲವೆಂಬ ಹಂಬಲವಿದ್ದು, 1938ರ ಹಕ್ಕಿಯೇ ಇಲ್ಲಿ ಮರಳಿ ಬಂದಂತಿದೆ. ಎರಡನೆಯ ನುಡಿಯಲ್ಲಾದರೋ ದಕ್ಷಿಣದ ಹೊಲಗಳು ಬರಡು, ಉತ್ತರದ ಸಹಕಾರಿ ಬೇಸಾಯದ ಹೊಲಗಳು ಸಮೃದ್ಧ ಎಂಬ ನೇರ ಪ್ರಚಾರವಿದೆ.

ಈ ನದಿಯ ಆಸುಪಾಸಿಗೆ ಕನ್ನಡ ನಾಡಿನ ಹೆಜ್ಜೆಯೂ ಬಿದ್ದಿದೆ ಎಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. ಕೊರಿಯಾ ಯುದ್ಧದ ಕದನವಿರಾಮದ ಬಳಿಕ, ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಕೈದಿಗಳ ಭವಿಷ್ಯವನ್ನು ನಿರ್ಧರಿಸಲು 1953ರಲ್ಲಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕೊರಿಯಾಗಳನ್ನು ನಿರಾಕರಿಸಿದ ಕೆಲವು ಕೈದಿಗಳು 1954ರಲ್ಲಿ ಭಾರತಕ್ಕೆ ಬಂದರು. ಚೊಯ್ ಇನ್-ಹುನ್ ಅವರು 1960ರಲ್ಲಿ ಪ್ರಕಟಿಸಿದ 'ಚೌಕ' ಎಂಬ ಅರ್ಥದ ಶೀರ್ಷಿಕೆಯ ಕಾದಂಬರಿಯಲ್ಲಿ ಅಂಥ ಕೈದಿಯೊಬ್ಬ ಏರುವ ಹಡಗಿನ ಹೆಸರು ಟಾಗೋರ್.

ಹಾಡಿನ ಮುಂದಿನ ಕಥೆ ಜಪಾನಿನದು. 1960ರ ದಶಕದಲ್ಲಿ ಕ್ಯೋಟೋದ ವಿದ್ಯಾರ್ಥಿ ಮತ್ಸುಯಾಮ ತಕೇಶಿ, ಜಪಾನಿ ಮತ್ತು ಕೊರಿಯನ್ ಹುಡುಗರ ಬೀದಿ ಜಗಳಕ್ಕೆ ಫುಟ್‌ಬಾಲ್ ಪಂದ್ಯವೊಂದು ಪರಿಹಾರವಾದೀತೆಂದು ಅಲ್ಲಿನ ಕೊರಿಯನ್ ಶಾಲೆಗೆ ಹೋದಾಗ, ಒಳಗಿನಿಂದ ಈ ಹಾಡು ಕೇಳಿಬಂತು. ಅದನ್ನು ಜನಪದ ಗೀತೆಯೆಂದೇ ಭಾವಿಸಿದ ಅವರು ಮೊದಲ ನುಡಿಯನ್ನು ಅನುವಾದಿಸಿ, ಮುಂದಿನ ನುಡಿಗಳನ್ನು ತಾವೇ ಬರೆದು ಸೇರಿಸಿದರು. ಫೋಕ್ ಕ್ರುಸೇಡರ್ಸ್ ತಂಡ ಹಾಡಿದ ಆ ರೆಕಾರ್ಡ್ 1968ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬರಬೇಕಿದ್ದಾಗ, ಜಪಾನಿನಲ್ಲಿ ಉತ್ತರ ಕೊರಿಯಾದ ಪರವಾಗಿದ್ದ ಕೊರಿಯನ್ನರ ಸಂಘಟನೆ ಕವಿ ಮತ್ತು ಸಂಯೋಜಕರ ಹೆಸರನ್ನೂ ಅವರ ರಾಷ್ಟ್ರದ ಅಧಿಕೃತ ಹೆಸರನ್ನೂ ಮುದ್ರಿಸಬೇಕೆಂದು ಪಟ್ಟು ಹಿಡಿಯಿತು; ರಾಷ್ಟ್ರದ ಹೆಸರನ್ನು ಅಚ್ಚುಹಾಕಲು ಹಿಂಜರಿದ ತೋಷಿಬಾ ಕಂಪನಿ ಬಿಡುಗಡೆಯನ್ನೇ ನಿಲ್ಲಿಸಿತು. ಅನಾಮಧೇಯವಾಗಿದ್ದಷ್ಟು ದಿನ ಹಾಡು ನಿರಾತಂಕವಾಗಿ ಹರಿಯಿತು. ಹೆಸರು ಬಂದೊಡನೆ ತಡೆಯೂ ಬಂತು.

ಮೂಲದ ಎರಡನೆಯ ನುಡಿಯನ್ನು ಕೈಬಿಟ್ಟ ಈ ಜಪಾನಿ ರೂಪದ ಪಕ್ಕದಲ್ಲಿ ಇತ್ತೀಚಿನ ಇನ್ನೊಂದು ತಿದ್ದುಪಡಿಯನ್ನು ಇಡಬೇಕು. 'ಮೂರು ಸಾವಿರ ರೀ' ಎಂಬುದು ಇಡೀ ಪರ್ಯಾಯ ದ್ವೀಪವನ್ನು ಸೂಚಿಸುವ ಹಳೆಯ ರೂಢಿ. ರೀ ಎಂದರೆ ಸುಮಾರು ನಾನೂರು ಮೀಟರ್ ದೂರ. ಏಕೀಕರಣದ ಗುರಿಯನ್ನೇ ಉತ್ತರದ ಆಡಳಿತ ಕೈಬಿಟ್ಟ ನಂತರ, 2024ರಲ್ಲಿ ರಾಷ್ಟ್ರಗೀತೆಯ ಈ ಮಾತನ್ನು ತೆಗೆದು 'ಈ ಲೋಕ' ಎಂಬರ್ಥದ ಪದಗಳನ್ನು ಹಾಕಲಾಯಿತು. ಕವಿ ತೀರಿಕೊಂಡು ಮೂವತ್ತೈದು ವರ್ಷ ಕಳೆದಿತ್ತು.

ಅಧ್ಯಯನ ಕ್ಷೇತ್ರ ಎಡವಿದ್ದು ಈ ಎರಡು ತಿದ್ದುಪಡಿಗಳನ್ನು ತೂಗುವ ತಕ್ಕಡಿಯಲ್ಲಿ. ರಾಷ್ಟ್ರವೊಂದು ಕವಿಯ ಸಾಲನ್ನು ಬದಲಿಸಿದರೆ ಅದಕ್ಕೆ ಸೆನ್ಸಾರ್ ಎಂಬ ಹೆಸರು ಸಲ್ಲುತ್ತದೆ. ಅಭಿಮಾನಿಗಳು ಒಂದು ನುಡಿಯನ್ನೇ ಕೈಬಿಟ್ಟರೆ ಅದು ಸದಭಿರುಚಿ ಎನಿಸಿಕೊಳ್ಳುತ್ತದೆ. ಒಂದರ ಹಿಂದೆ ಅಧಿಕಾರವಿತ್ತು, ಇನ್ನೊಂದರ ಹಿಂದೆ ಪ್ರೀತಿಯಿತ್ತು ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೆ ಪಠ್ಯದ ಮಟ್ಟಿಗೆ ಎರಡೂ ಕಡೆ, ತಮಗೆ ಬೇಕಾದ ಪಾಕ್ ಅವರನ್ನು ಉಳಿಸಿಕೊಂಡು ಬೇಡವಾದವರನ್ನು ಅಳಿಸುವ ಕೆಲಸವೇ ನಡೆದಿದೆ. ಹಂಬಲದ ನುಡಿ ಕವಿಯದು, ಪ್ರಚಾರದ ನುಡಿ ಪ್ರಭುತ್ವದ್ದು ಎಂದು ಭಾಗ ಮಾಡುವ ವಿಮರ್ಶೆಗೆ ಪಠ್ಯದಲ್ಲಿ ಆಧಾರವಿಲ್ಲ. ಇಪ್ಪತ್ತರ ಪ್ರಾಯದಿಂದಲೇ ಶ್ರಮಿಕವರ್ಗದ ಸಾಹಿತ್ಯಕ್ಕೆ ಒಲಿದ ಕವಿಗೆ ಸಹಕಾರಿ ಹೊಲದ ಬೆಳೆ ಮನಸಾರೆ ನಂಬಿದ ಕನಸಾಗಿದ್ದಿರಲೂ ಸಾಧ್ಯ.

ಹಾಗಾದರೆ ಎರಡನೆಯ ನುಡಿ, ಮೊದಲ ನುಡಿಯನ್ನು ಬರೆಯುವುದಕ್ಕಾಗಿ ಕೊಟ್ಟ ಸುಂಕವೇ, ಅಥವಾ ಊರನ್ನು ಬಿಟ್ಟು ಬಂದದ್ದು ಸರಿಯೆಂದು ಕವಿ ತಮಗೆ ತಾವೇ ಹೇಳಿಕೊಂಡ ಸಮರ್ಥನೆಯೇ ಎಂಬ ಪ್ರಶ್ನೆ ಬಗೆಹರಿಯದೆ ಉಳಿದಿದೆ. ಮೊದಲನೆಯದೆಂದರೆ ಕವಿ ಅಂಜಿದವರು, ಎರಡನೆಯದೆಂದರೆ ನಂಬಿದವರು. ಎರಡೂ ಒಟ್ಟಿಗೆ ನಿಜವಾಗಬಹುದೆಂಬ ಮೂರನೆಯ ಸಾಧ್ಯತೆಯನ್ನು ವಿಮರ್ಶೆ ಇನ್ನೂ ಗಂಭೀರವಾಗಿ ಪರಿಗಣಿಸಿಲ್ಲ. 'ಸಾನ್‌ಜೆಬಿ', 1947ರ ಮೂಲರೂಪದ ರಾಷ್ಟ್ರಗೀತೆ ಮತ್ತು ಎರಡೂ ನುಡಿಗಳುಳ್ಳ ರಿಮ್‌ಜಿನ್‌ಗಾಂಗ್, ಈ ಮೂರನ್ನೂ ಒಂದೇ ಹೊತ್ತಗೆಯಲ್ಲಿ ಕಾಲಾನುಕ್ರಮದಲ್ಲಿ ಕನ್ನಡಕ್ಕೆ ತಂದು, ಮುಜುಗರ ತರುವ ಭಾಗಗಳಿಗೆ ಕತ್ತರಿ ಹಾಕದೆ ಪ್ರಕಟಿಸುವುದು ಈ ಸಂಕಿರಣದಿಂದ ಹೊರಡಬಹುದಾದ ಮೊದಲ ಕೆಲಸ. ಗೋಷ್ಠಿಗಳು ಈ ಭಾಷಣದ ನಿಲುವನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಎರಡನೆಯ ನುಡಿಯನ್ನು ಓದಿದ ಮೇಲೆ ಒಪ್ಪದಿರಲಿ ಎಂಬುದಷ್ಟೇ ಕೋರಿಕೆ.