ಮಲ್ಲಿಗೆ ಕೃಷಿ: ಸೆಂಟ್ಸ್ ಲೆಕ್ಕಕ್ಕೆ ಮುನ್ನ ಕೈಗಳ ಲೆಕ್ಕ



ಉಡುಪಿ ಜಿಲ್ಲೆಯ ಶಂಕರಪುರ ಮಲ್ಲಿಗೆಯು ಕೆಲವೇ ಸೆಂಟ್ಸ್ ಭೂಮಿಯುಳ್ಳ ಕುಟುಂಬಗಳಿಗೂ ಆಧಾರವಾಗಿದೆ. 800 ಹೂಗಳಿಗೆ ಒಂದು ಚೆಂಡು. 4 ಚೆಂಡುಗಳಿಗೆ ಒಂದು ಅಟ್ಟೆ. ಅರ್ಥಾತ್, ಅಟ್ಟೆಯೊಂದಕ್ಕೆ 3,200 ಮೊಗ್ಗುಗಳನ್ನು ಮುಂಜಾನೆಯೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಂದೇ ಕಟ್ಟೆಗೆ ತಲುಪಿಸಬೇಕು. ಆದುದರಿಂದ ಗಿಡಗಳ ಸಂಖ್ಯೆಯನ್ನು ಭೂಮಿಯಲ್ಲ, ಮನೆಯಲ್ಲಿರುವ ಕೈಗಳು ನಿರ್ಧರಿಸುತ್ತವೆ.

ದರವು ದಿನವೂ ಬದಲಾಗುತ್ತದೆ. ಶುಭಕಾರ್ಯಗಳಿಲ್ಲದ ದಿನಗಳಲ್ಲಿ ಬೇಡಿಕೆ ಕುಸಿಯುತ್ತದೆ. ಹಬ್ಬದ ದರವನ್ನು ನಂಬಿ ಸಾಲ ಮಾಡಲಾಗದು. ಇಳಿದ ದರದಲ್ಲಿಯೂ ಕಂತು ತೀರುವಷ್ಟೇ ಸಾಲ ಪಡೆಯುವುದು ವಿವೇಕ.

ಹೂ ಕಟ್ಟುವ ಮನೆಯ ಹೆಂಗಸರ ದುಡಿಮೆಗೂ ಕೂಲಿ ಹಿಡಿದು ಲೆಕ್ಕ ಬರೆಯಿರಿ. ಅದನ್ನು ಕಳೆದು ಉಳಿದದ್ದೇ ಲಾಭ. ಏನೂ ಉಳಿಯದಿದ್ದಲ್ಲಿ, ಆ ವ್ಯವಹಾರವನ್ನು ನಡೆಸುತ್ತಿರುವುದು ಹೂವಲ್ಲ, ಅವರ ನಿದ್ದೆ.